ಚಾದರ ಒಗೆಯುವ ಮಿಲೇನಾ ಹುಡುಕಿಕೊಟ್ಟ ರೂಮು

"ಸರಿ ಅತ್ಲಾಗೆ! ಬರೆಯೋರಿಗೆ ದಾರಿಗೆ ಅಡ್ಡ ನಿಲ್ಲೋದು ಬಿಟ್ರೆ ಬೇರೆ ಕೆಲಸ ಇಲ್ವಾ?"

ಬೆಳಗಿನ ಜಾವ ನನಗೆ ಸಿಕ್ಕ ಮೊದಲ ಆಶೀರ್ವಾದ ಇದು. ಇಟಲಿಯ ಬಂದರುಪಟ್ಟಣ ಜೆನೋವಾದ ಹಳೇ ಊರಿನ ಗಲ್ಲಿಗಳಿಗೆ ಇನ್ನೂ ಬೆಳಕು ಇಳಿದಿಲ್ಲ. ಈ ಗಲ್ಲಿಗಳಿಗೆ ಬೆಳಕು ಬರುವುದೇ ಮಧ್ಯಾಹ್ನದ ಹೊತ್ತಿಗೆ, ಅದೂ ಅದಕ್ಕೆ ಮನಸ್ಸಿದ್ದರೆ. ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಮುಟ್ಟುವಂಥ ಈ ಸಂದಿಯಲ್ಲಿ ಮಿಲೇನಾ ರೆಪೆಟ್ಟೊ ಗಾಡಿ ತಳ್ಳಿಕೊಂಡು ಬರುತ್ತಿದ್ದಾರೆ. ಎರಡು ಚಕ್ರದ ಕೈಗಾಡಿ. ಮೇಲೆ ಒಗೆದು ಇಸ್ತ್ರಿ ಮಾಡಿದ ಚಾದರಗಳ ಅಟ್ಟಿ, ಅದರ ಮೇಲೊಂದು ಟಾರ್ಪಾಲು. ಎಡಚಕ್ರ ಕಿರ್ರೆನ್ನುತ್ತದೆ. ಒಂದು ತೊಟ್ಟು ಎಣ್ಣೆ ಬಿಡಬಾರದೆ ಎಂದರೆ, "ಎಣ್ಣೆ ಬಿಟ್ರೆ ನಾನು ಬಂದಿದ್ದು ಜನಕ್ಕೆ ಹೇಗೆ ಗೊತ್ತಾಗ್ಬೇಕು? ಒಂದೊಂದು ಬಾಗಿಲಿಗೂ ಹೋಗಿ ಗಂಟೆ ಒತ್ತಲಾ?" ಎನ್ನುತ್ತಾರೆ.

ಆ ಕಿರ್ರೆನ್ನುವ ಸದ್ದಿಗೇ ಐದನೇ ಮಹಡಿಯ ಕಿಟಕಿಯೊಂದು ತೆರೆಯುತ್ತದೆ. ಬಿಳಿ ತಲೆಯೊಂದು ಹೊರಗೆ ಬರುತ್ತದೆ. ಹಗ್ಗ ಕಟ್ಟಿದ ದೊಡ್ಡ ಬಟ್ಟೆಗಂಟು ಗೋಡೆಗೆ ತಗುಲುತ್ತ ಕೆಳಗಿಳಿಯುತ್ತದೆ.

"ಹೋದ ಸಲ ದಿಂಬಿನ ಕವರಿಗೆ ಇಸ್ತ್ರಿ ಸರಿಯಾಗಿ ಬಿದ್ದಿರ್ಲಿಲ್ಲ!" ಮೇಲಿನಿಂದ ಸಿನ್ಯೋರಾ ಕ್ಲೇಲಿಯಾ, ಅಂದರೆ ಕ್ಲೇಲಿಯಾ ಅಮ್ಮನವರು, ಕೂಗುತ್ತಾರೆ.

"ನಿಮ್ಮ ಕಣ್ಣಿಗೂ ಇಸ್ತ್ರಿ ಬೇಕಾಗಿದೆ, ಕಳಿಸಿಕೊಡಿ!" ಕೆಳಗಿನಿಂದ ಮಿಲೇನಾ.

ಒಗೆದ ಚಾದರಗಳು ಅದೇ ಹಗ್ಗದಲ್ಲಿ ಮೇಲೇರುತ್ತವೆ. ಇಬ್ಬರ ಮುಖದಲ್ಲೂ ತೃಪ್ತಿ. ದಿನ ಚೆನ್ನಾಗಿ ಶುರುವಾಯಿತು.

ಮಿಲೇನಾಗೆ ಈಗ ಅರವತ್ತೊಂದು. ಹಳೇ ಊರಿನ ಸಣ್ಣಪುಟ್ಟ ವಸತಿಮನೆಗಳಿಗೆ, ಅಂದರೆ ಮೂರು ಕೋಣೆ, ನಾಲ್ಕು ಕೋಣೆ ಬಾಡಿಗೆಗೆ ಕೊಡುವ ಮನೆಗಳಿಗೆ, ಹಾಸಿಗೆ ಬಟ್ಟೆ ಒಗೆದುಕೊಡುವುದು ಅವರ ವೃತ್ತಿ. ದಿನಕ್ಕೆ ನೂರರ ಮೇಲೆ ಚಾದರ ಅವರ ಕೈ ದಾಟುತ್ತದೆ. ಅವರ ಅಮ್ಮನೂ ಇದೇ ಕೆಲಸ ಮಾಡಿದವರು, ಊರ ಹೊರಗಿನ ಕಲ್ಲುತೊಟ್ಟಿಯಲ್ಲಿ ಮೊಣಕಾಲೂರಿ ಕೂತು. ಈಗ ಯಂತ್ರ ಬಂದಿದೆ, ಮೊಣಕಾಲು ಉಳಿದಿದೆ. ಆದರೆ ಗಾಡಿ ಉಳಿದೇ ಇದೆ. ಈ ಸಂದಿಗಳಿಗೆ ಮೋಟಾರು ನುಗ್ಗುವುದಿಲ್ಲ. ಗಂಡ ಜೀನೊ ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು, ಬೆನ್ನು ಹೋದಮೇಲೆ ಲಾಂಡ್ರಿಯ ಇಸ್ತ್ರಿ ಯಂತ್ರದ ಮುಂದೆ ಕೂತಿದ್ದಾರೆ. "ಹಡಗು ಖಾಲಿ ಮಾಡ್ತಿದ್ದ ಗಂಡಸು, ಈಗ ನೋಡು, ಕರವಸ್ತ್ರ ಮಡಿಸ್ತಾನೆ," ಎಂದು ಮಿಲೇನಾ ಅವರೆದುರೇ ಹೇಳುತ್ತಾರೆ. ಜೀನೊ ತಲೆಯೆತ್ತದೆ, "ನಿನಗಿಂತ ಚೆನ್ನಾಗಿ ಮಡಿಸ್ತೀನಿ," ಎನ್ನುತ್ತಾರೆ. ನಿಜ, ಅವರೇ ಚೆನ್ನಾಗಿ ಮಡಿಸುತ್ತಾರೆ.

ಆದರೆ ಒಗೆಯುವವರು ಈ ಊರಲ್ಲಿ ಬೇರೆಯವರೂ ಇದ್ದಾರೆ. ನಾನು ಪೆನ್ನು ಹಿಡಿದು ಮಿಲೇನಾ ಹಿಂದೆ ಬಿದ್ದಿರುವುದು ಅವರು ಸಂಬಳವಿಲ್ಲದೆ ಮಾಡುವ ಇನ್ನೊಂದು ಕೆಲಸಕ್ಕೆ. ಜೇಬಿಗೆ ಭಾರವಾಗದ, ಮನಸ್ಸಿಗೆ ಕಸಿವಿಸಿಯಾಗದ ರೂಮು ಈ ಊರಲ್ಲಿ ಎಲ್ಲಿದೆ ಎಂದು ಕೇಳಬೇಕಾದರೆ ಕೇಳಬೇಕಾದ್ದು ಇವರನ್ನು. ಇಪ್ಪತ್ತು ವರ್ಷಗಳ ಹಿಂದೆ ಹಡಗು ಕಂಪನಿಯೊಂದರ ಕಚೇರಿ ಕೆಲಸಕ್ಕೆಂದು ನಾನು ಈ ಊರಲ್ಲಿ ಬಂದಿಳಿದಾಗ, ಎರಡು ಪೆಟ್ಟಿಗೆ ಹಿಡಿದು ಗಲ್ಲಿಯಲ್ಲಿ ಬೆಪ್ಪಾಗಿ ನಿಂತಿದ್ದ ನನಗೂ ರೂಮು ಕೊಡಿಸಿದ್ದು ಇವರೇ. ಅವತ್ತೂ ಮೊದಲು ಹೇಳಿದ್ದು, "ಸರಿ ಅತ್ಲಾಗೆ!"

ಗುಟ್ಟೇನೆಂದರೆ ಚಾದರ. ಮಿಲೇನಾ ಗಂಟು ಬಿಚ್ಚುತ್ತಲೇ ಮೂಗಿಗೆ ಹಿಡಿಯುತ್ತಾರೆ, ಬೆರಳಲ್ಲಿ ತಿಕ್ಕುತ್ತಾರೆ. ಗೋಡೆ ಒಸರುವ ಕೋಣೆಯ ಚಾದರಕ್ಕೆ ಒಂದು ವಾಸನೆ. ತಿಗಣೆ ಇದ್ದ ಕಡೆಯದಕ್ಕೆ ಚುಕ್ಕಿ. ಹಾಸಿಗೆಯ ಸ್ಪ್ರಿಂಗು ಹೋಗಿದ್ದರೆ ಬಟ್ಟೆ ನಡುವೆ ಸವೆದಿರುತ್ತದೆ. ಒಬ್ಬ ಹೋದಮೇಲೆ ಬದಲಿಸದೆ ಇನ್ನೊಬ್ಬನನ್ನು ಮಲಗಿಸಿದ್ದರೆ ಅದೂ ತಿಳಿಯುತ್ತದೆ. "ಮನೆಯೋರು ಫೋಟೋದಲ್ಲಿ ಏನು ಬೇಕಾದ್ರೂ ತೋರಿಸ್ಲಿ. ಮಲಗಿದೋನು ಚೆನ್ನಾಗಿ ಮಲಗಿದ್ನಾ ಇಲ್ವಾ ಅನ್ನೋದು ಕೊನೆಗೆ ನನ್ನ ಕೈಗೇ ಬರ್ಬೇಕು. ಚೆನ್ನಾಗಿ ನಿದ್ದೆ ಮಾಡಿದ ಚಾದರ ಮುದ್ದೆಯಾಗಿರತ್ತೆ. ಮೂಲೆ ಎಲ್ಲ ಕಿತ್ಕೊಂಡಿರತ್ತೆ. ನಿದ್ದೆ ಬರದೆ ಇದ್ದೋನು ಒಂದೇ ಕಡೆ ಹೊರಳಿರ್ತಾನೆ, ಅಲ್ಲಿ ಗೆರೆ ಬಿದ್ದಿರತ್ತೆ."

ಹಾಗಾಗಿ ಲಾಂಡ್ರಿಯ ಬಾಗಿಲಲ್ಲಿ ದಿನಾ ಯಾರಾದರೂ ಒಬ್ಬರು ಬಂದು ನಿಂತಿರುತ್ತಾರೆ. ಓದಲು ಬಂದ ಹುಡುಗರು, ಹಡಗಿಗೆ ಕಾಯುವ ಖಲಾಸಿಗಳು, ಪಿಂಚಣಿಯಲ್ಲಿ ಊರು ನೋಡಲು ಹೊರಟ ಮುದುಕ ದಂಪತಿ. ಮಿಲೇನಾ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬೈದು, ಆಮೇಲೆ ದಾರಿ ಹೇಳುತ್ತಾರೆ. "ಸಮುದ್ರ ಕಾಣೋ ಕಿಟಕಿ ಬೇಕಾ? ಯಾಕೆ, ಕಣ್ಣು ಬಿಟ್ಕೊಂಡು ನಿದ್ದೆ ಮಾಡ್ತೀಯಾ? ಸಮುದ್ರ ಹೊರಗೆ ಪುಕ್ಕಟೆ ಇದೆ, ಹೋಗಿ ನೋಡು." ಕಾಲು ಗಟ್ಟಿಯಿದ್ದವರನ್ನು ಲಿಫ್ಟಿಲ್ಲದ ಮೇಲಿನ ಮಹಡಿಗೆ ಕಳಿಸುತ್ತಾರೆ, ಒಂದೊಂದು ಮಹಡಿ ಹತ್ತಿದಂತೆಯೂ ಬಾಡಿಗೆ ಇಳಿಯುತ್ತದೆ. ಬೇಗ ಮಲಗುವವರನ್ನು ಸನ್ಯಾಸಿನಿಯರ ಮಠದ ಅತಿಥಿಗೃಹಕ್ಕೆ. ಅಲ್ಲಿ ರಾತ್ರಿ ಬಾಗಿಲು ಹಾಕಿದರೆ ದೇವರೇ ಬಂದು ತಟ್ಟಿದರೂ ತೆಗೆಯುವುದಿಲ್ಲವಂತೆ, ಆದರೆ ಹಾಸಿಗೆ ಮಾತ್ರ ಸ್ವರ್ಗ. ಮನೆಯವರಿಂದಾಗಲಿ ಬಂದವರಿಂದಾಗಲಿ ಇದಕ್ಕೆಂದು ಒಂದು ಕಾಸು ಮುಟ್ಟುವುದಿಲ್ಲ. "ಕಾಸು ತಗೊಂಡ್ರೆ ಕೆಟ್ಟ ರೂಮನ್ನೂ ಹೊಗಳ್ಬೇಕಾಗತ್ತೆ. ನನಗೆ ಒಳ್ಳೇದನ್ನ ಹೊಗಳೋಕೇ ಬರಲ್ಲ, ಇನ್ನು ಅದೆಲ್ಲಿ?"

ಸುಲಭದ ಬದುಕೇನಲ್ಲ ಇದು. ದೊಡ್ಡ ಹೋಟೆಲುಗಳ ಬಟ್ಟೆ ಊರ ಹೊರಗಿನ ಕಾರ್ಖಾನೆಗಳಿಗೆ ಹೋಗಿ ಎಷ್ಟೋ ವರ್ಷವಾಯಿತು. ಈಗೀಗ ಗಲ್ಲಿಯ ಕಿಟಕಿ ಸರಳುಗಳಿಗೆಲ್ಲ ಗುಂಡಿ ಒತ್ತುವ ಸಣ್ಣ ಕೀಲಿಪೆಟ್ಟಿಗೆಗಳು ಜೋತುಬಿದ್ದಿವೆ. ಬಾಡಿಗೆಗೆ ಬಂದವರು ಫೋನಿಗೆ ಬಂದ ಅಂಕಿ ಒತ್ತಿ ಕೀಲಿ ತೆಗೆದುಕೊಳ್ಳುತ್ತಾರೆ, ಮನೆಯವರ ಮುಖವನ್ನೂ ನೋಡದೆ ಹೋಗುತ್ತಾರೆ. ಆ ಕೋಣೆಗಳ ಬಟ್ಟೆ ಮಿಲೇನಾಗೆ ಬರುವುದಿಲ್ಲ. ಒಂದು ಚಳಿಗಾಲ ಒದ್ದೆ ಮೆಟ್ಟಿಲಲ್ಲಿ ಜಾರಿ ಮುಂಗೈ ಮುರಿದಾಗಲೂ ಒಂದೇ ಕೈಯಲ್ಲಿ ಗಾಡಿ ತಳ್ಳಿದರು. ಅದನ್ನು ಕೇಳಿದರೆ ಮುಖ ಸಿಂಡರಿಸಿ, "ಇನ್ನೊಂದು ಕೈ ಸುಮ್ಮನೇ ಇತ್ತಲ್ಲ," ಎಂದುಬಿಡುತ್ತಾರೆ.

ಇಲ್ಲಿ ಈ ಊರಿನ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಜೆನೋವಾದವರು ಗೊಣಗುತ್ತಾರೆ. ಗಾಳಿಗೆ, ಮಳೆಗೆ, ಬಸ್ಸಿಗೆ, ಚಟ್ನಿಗೆ ಅರೆಯುವ ಇಲ್ಲಿನ ತುಳಸಿ ಎಲೆ ಸಣ್ಣದಾಯಿತೆಂದು, ದೊಡ್ಡದಾಯಿತೆಂದು. ಹಿಂದೆ ಇಲ್ಲಿನ ನಾವಿಕರಿಗೆ ಎರಡು ಬಗೆಯ ಕರಾರು ಇತ್ತೆಂದು ಹಳಬರು ಹೇಳುತ್ತಾರೆ. ಸಂಬಳ ಜಾಸ್ತಿ, ಆದರೆ ಬಾಯಿ ಮುಚ್ಚಿಕೊಂಡಿರಬೇಕು, ಇದು ಒಂದು. ಸಂಬಳ ಕಡಿಮೆ, ಆದರೆ ಎಷ್ಟು ಬೇಕಾದರೂ ಗೊಣಗಬಹುದು, ಇದು ಇನ್ನೊಂದು. ದುಡ್ಡೆಂದರೆ ಪ್ರಾಣ ಬಿಡುವ ಈ ಜನ ಎರಡನೆಯದಕ್ಕೇ ಸಹಿ ಹಾಕುತ್ತಿದ್ದರಂತೆ! ಇಲ್ಲಿ ಗೊಣಗಾಟ ಮನೆಯವರಿಗೆ ಕೊಡುವ ಸಲಿಗೆ. ಬೇಡದವರಿಗೆ ಕೊಡುವುದು ಮರ್ಯಾದೆ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂದು ನಮ್ಮ ಅಜ್ಜಿಯೂ ಅನ್ನುತ್ತಿದ್ದಳು. ಅವಳು ಇಲ್ಲಿ ಹುಟ್ಟಬೇಕಿತ್ತು. ಇಲ್ಲಿ ಯಾರಾದರೂ ನನಗೆ "ದಯವಿಟ್ಟು", "ತುಂಬಾ ಸಂತೋಷ" ಎಂದರೆ ಎದೆ ಧಸಕ್ಕೆನ್ನುತ್ತದೆ, ಏನು ತಪ್ಪು ಮಾಡಿದೆನೋ ಎಂದು.

ಈ ಗೊಣಗಾಟದಲ್ಲೇ ಹೋದ ಸೆಪ್ಟೆಂಬರಿನಲ್ಲಿ ಮಿಲೇನಾ ಎಡವಿದರು.

ದೋಣಿ ಪ್ರದರ್ಶನದ ವಾರ ಅದು. ಆ ವಾರ ಜೆನೋವಾದಲ್ಲಿ ಗೂಡಿನಂಥ ಕೋಣೆಗೂ ಅರಮನೆಯ ಬೆಲೆ. ಲಾಂಡ್ರಿಗೆ ಒಬ್ಬ ಗಂಡ, ಒಬ್ಬ ಹೆಂಡತಿ ಬಂದರು. ದೇಶದ ದಕ್ಷಿಣದ ತುತ್ತತುದಿ ಕಲಾಬ್ರಿಯಾದವರು. ಅಸ್ಸುಂತಾ, ಮೂವತ್ತು ದಾಟಿದ ಹೆಣ್ಣುಮಗಳು. ನಿಕೊಡೆಮೊ, ಅವಳ ಗಂಡ, ಕಿತ್ತಳೆ ತೋಟದಲ್ಲಿ ದುಡಿಯುವವನು. ಅವರ ಏಳು ವರ್ಷದ ಮಗಳು ತೆರೆಸಿನಾ ಊರಿನ ಆ ಕೊನೆಯ ದೊಡ್ಡ ಆಸ್ಪತ್ರೆಯಲ್ಲಿ. ರಕ್ತದ ಕಾಯಿಲೆ. ಮಗುವಿಗೆ ಸೋಂಕು ತಗುಲೀತೆಂದು ಗಾಜಿನ ಹಿಂದೆ ಇಟ್ಟಿದ್ದರು, ರಾತ್ರಿ ತಾಯಿಯೂ ಅಲ್ಲಿ ಉಳಿಯುವಂತಿರಲಿಲ್ಲ. ವಾರಗಟ್ಟಲೆ ಆಗಬಹುದು ಎಂದಿದ್ದರು ಡಾಕ್ಟರು. ಗಂಡ ಕೆಲಸಕ್ಕೆ ಹಿಂತಿರುಗಬೇಕು. ಅಸ್ಸುಂತಾಗೆ ಅಷ್ಟೂ ದಿನ ಮಗಳ ಹತ್ತಿರದಲ್ಲಿ ತಲೆ ಇಡಲು ಒಂದು ಜಾಗ ಬೇಕಿತ್ತು. ಸಿಗದಿದ್ದರೆ ಅವಳೂ ಊರಿಗೆ ಹೋಗಬೇಕು, ಮಗು ಒಂಟಿ. ಅಷ್ಟರವರೆಗೆ ಇದ್ದದ್ದು ಕೀಲಿಪೆಟ್ಟಿಗೆಯ ಕೋಣೆಯೊಂದರಲ್ಲಿ. ಪ್ರದರ್ಶನ ಶುರುವಾಗುತ್ತಿದ್ದಂತೆ ಅದರ ಬಾಡಿಗೆ ಅವರ ಕೈ ಮೀರಿತ್ತು.

ಅವರ ಮಾತಿನ ಧಾಟಿಯೇ ಬೇರೆ. ಧಾರವಾಡದವರು ಮೈಸೂರಿಗೆ ಬಂದು ಮಾತಾಡಿದ ಹಾಗೆ ನನ್ನ ಕಿವಿಗೆ ಕೇಳುತ್ತದೆ, ಹಾಗೆಯೇ ಬರೆಯುತ್ತೇನೆ.

"ಎಲ್ಲೆರ ಒಂದ್ ಮೂಲಿ ಇದ್ರ ಸಾಕ್ರಿ," ಎಂದಳಂತೆ ಅಸ್ಸುಂತಾ. "ಹಗಲೆಲ್ಲಾ ನಾ ಆಸ್ಪತ್ರ್ಯಾಗ ಇರ್ತೀನಿ. ರಾತ್ರಿ ಅಷ್ಟ."

ಮಿಲೇನಾ ಎರಡು ಸಲ ಯೋಚಿಸಲಿಲ್ಲ. "ಸಿನ್ಯೋರಾ ಕ್ಲೇಲಿಯಾ ತ್ರವೆರ್ಸೊ, ಐದನೇ ಮಹಡಿ. ಲಿಫ್ಟಿಲ್ಲ. ಊರಲ್ಲೇ ಅಂಥ ಚಾದರ ಇನ್ನೊಂದಿಲ್ಲ. ಕೆಳಗಿಳಿದ್ರೆ ಆಸ್ಪತ್ರೆ ಬಸ್ಸು. ಮಿಲೇನಾ ಕಳಿಸಿದ್ಲು ಅನ್ನಿ."

ಕ್ಲೇಲಿಯಾಗೆ ಎಪ್ಪತ್ತೆಂಟು. ಹಡಗಿನ ಅಡುಗೆಯವನ ವಿಧವೆ. ನಾಲ್ಕು ಕೋಣೆ ಬಾಡಿಗೆಗೆ ಕೊಡುತ್ತಾರೆ. ಬಾಡಿಗೆ ಎಷ್ಟೆಂದು ಹೇಳಿದರೆ ನೀವು ನಂಬುವುದಿಲ್ಲ. ಬರೆದರೆ ನನ್ನ ಕೈ ಮುರಿಯುತ್ತೇನೆಂದು ಅವರೂ ಹೇಳಿದ್ದಾರೆ. ಆ ಸಂಜೆ ಬಂದವರನ್ನು ಅವರು ಬಾಗಿಲಲ್ಲೇ ಬರಮಾಡಿಕೊಂಡ ರೀತಿ ಹೀಗಿತ್ತಂತೆ:

"ಅಯ್ಯೋ ದೇವರೇ, ಇಷ್ಟು ದೊಡ್ಡ ಪೆಟ್ಟಿಗೆನಾ! ನನ್ನ ಮೆಟ್ಟಿಲು ಮುರಿದುಹೋದ್ರೆ ರಿಪೇರಿ ಯಾರು ಮಾಡಿಸ್ತಾರೆ? ಬಿಸಿನೀರು ಸುಮ್ನೆ ಸುರಿಯೋ ಹಾಗಿಲ್ಲ. ಬಾಗಿಲು ದಢಾರ್ ಅನ್ಬಾರ್ದು. ಇನ್ನು ನಿಮಗೆ ಊಟಾನೂ ನಾನೇ ಹಾಕ್ಬೇಕು ಅಂತ ಕಾಣತ್ತೆ, ಅಲ್ವಾ? ಸಾಕಾಯ್ತಪ್ಪ ಈ ಜನ್ಮ!"

ನಾವು ಜೆನೋವಾದವರು ಇದನ್ನು ಕೇಳಿದರೆ ಕಣ್ಣು ತುಂಬಿಕೊಳ್ಳುತ್ತೇವೆ. ಮುದುಕಿ ಬಾಡಿಗೆಯ ಜೊತೆಗೆ ಊಟವನ್ನೂ ಕೊಡುತ್ತೇನೆಂದಿದ್ದಾರೆ! ಅಪರಿಚಿತರಿಗೆ ಮೊದಲ ದಿನವೇ! ಆದರೆ ಕಲಾಬ್ರಿಯಾದಲ್ಲಿ ಮನೆಗೆ ಬಂದವರಿಗೆ ಮೊದಲು ಹೇಳುವ ಮಾತು, "ಈ ಮನೆ ನಿಮ್ಮದೇ." ಅಸ್ಸುಂತಾ ಮೂರನೇ ಮಾತಿಗೇ ತಲೆ ತಗ್ಗಿಸಿದಳು. ನಿಕೊಡೆಮೊ ದವಡೆ ಕಚ್ಚಿಕೊಂಡ. ಊಟ ಬೇಡವೆಂದರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಎಂದಿನಂತೆ ಗಂಟು ಹಗ್ಗದಲ್ಲಿ ಇಳಿಯಿತು. ಕ್ಲೇಲಿಯಾ ಮೇಲಿನಿಂದ ಏನೂ ಕೂಗಲಿಲ್ಲ. ಅಲ್ಲೇ ಮಿಲೇನಾಗೆ ಏನೋ ಕಸಿವಿಸಿಯಾಗಿ, ಗಾಡಿಯ ಮೇಲೇ ಗಂಟು ಬಿಚ್ಚಿದರು. ನಾನು ಆಗಷ್ಟೇ ಆ ಗಲ್ಲಿಗೆ ಬಂದಿದ್ದೆ. ಮೇಲೆಯೇ ಇದ್ದವು ಎರಡು ಚಾದರ, ಇಸ್ತ್ರಿಯ ಗೆರೆ ಕೂಡ ಮುರಿಯದೆ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದವು. ಯಾರೂ ಮಲಗಿರಲಿಲ್ಲ. ಮಿಲೇನಾ ಮುಖ ಸುಣ್ಣವಾಯಿತು.

"ಸಿನ್ಯೋರಾ! ಅವರೆಲ್ಲಿ?"

"ಹೋದ್ರು." ಕ್ಲೇಲಿಯಾ ಧ್ವನಿ ಒಣಗಿತ್ತು. "ಎದ್ದು ನೋಡಿದ್ರೆ ಕೀಲಿ ಮೇಜಿನ ಮೇಲಿದೆ, ಒಂದು ರಾತ್ರಿ ಬಾಡಿಗೆನೂ ಇದೆ. ರಾತ್ರಿಯೆಲ್ಲ ಕುರ್ಚಿ ಮೇಲೇ ಕೂತಿದ್ರು ಅಂತ ಕಾಣತ್ತೆ. ಮನೆಯೋರ ಹಾಗೆ ಮಾತಾಡಿಸ್ದೆ ಮಿಲೇನಾ, ಸ್ವಂತ ಮಗಳ ಹಾಗೆ ಬೈದೆ! ನನ್ನ ಮನೆಗೆ ಏನು ಕಡಿಮೆಯಾಗಿತ್ತು?"

ಮಿಲೇನಾ ಹಣೆ ಚಚ್ಚಿಕೊಂಡರು. ಈ ಊರಿನ ಒಂದು ಬೈಗುಳವಿದೆ, ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ. ಅದನ್ನು ತಮಗೇ ಬೈದುಕೊಂಡರು. "ನಾನೊಬ್ಬಳು ಕತ್ತೆ! ದಕ್ಷಿಣದೋರು ಅವರು. ಇಲ್ಲಿ ಬೈಯೋದು ಅಂದ್ರೇನು ಅಂತ ನಾನು ಹೇಳಿ ಕಳಿಸ್ಲೇ ಇಲ್ಲ." ಆಮೇಲೆ ಗಾಡಿಯ ಹಿಡಿಯನ್ನು ನನ್ನ ಕೈಗೆ ತುರುಕಿ, "ಇದನ್ನ ನೋಡ್ಕೋ," ಎಂದು ಓಡಿದರು.

ನೋಡಿಕೊಳ್ಳುವುದೆಂದರೆ ಏನೆಂದು ನನಗೆ ಆಮೇಲೆ ತಿಳಿಯಿತು. ಎಷ್ಟು ಹೊತ್ತಾದರೂ ಅವರು ಬರಲಿಲ್ಲ. ಕಿಟಕಿ ಕಿಟಕಿಯಿಂದಲೂ ಚಾದರ ಎಲ್ಲಿ ಎಂಬ ಕೂಗು. ಕೊನೆಗೆ ನಾನೇ ಗಾಡಿ ತಳ್ಳಿದೆ. ಎಡಕ್ಕೆ ತಳ್ಳಿದರೆ ಬಲಕ್ಕೆ ಹೋಗುವ ಗಾಡಿ ಅದು. ನಾಲ್ಕು ಮನೆಯವರ ಹತ್ತಿರ ಉಗಿಸಿಕೊಂಡೆ, ಒಂದು ಗೋಡೆ ತರಚಿದೆ. ಈ ಹೆಂಗಸು ದಿನಾ ಇದನ್ನು ಹಾಡಿನ ಹಾಗೆ ನಡೆಸಿಕೊಂಡು ಹೋಗುತ್ತಾರಲ್ಲ ಎಂದು ಅವತ್ತು ಮನಸಾರೆ ಕೈಮುಗಿದೆ.

ಅತ್ತ ಮಿಲೇನಾ ರೈಲು ನಿಲ್ದಾಣಕ್ಕೆ ಹೋಗಲಿಲ್ಲ. ತಾಯಿಯಾದವಳು ಎಲ್ಲಿ ಹೋಗುತ್ತಾಳೆ? ನೇರ ಆಸ್ಪತ್ರೆಯ ಬಸ್ಸು ಹತ್ತಿದರು. ಗೇಟಿನ ಎದುರು ಬಸ್‌ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಪೆಟ್ಟಿಗೆ ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ಮಧ್ಯಾಹ್ನ ಮಗಳನ್ನು ಗಾಜಿನಿಂದ ನೋಡಿ, ಹೋಗಿ ಬರುತ್ತೇವೆಂದು ಹೇಳಿ, ಸಂಜೆಯ ರೈಲಿಗೆ ಇಬ್ಬರೂ ಊರಿಗೆ ಹೊರಡುವುದೆಂದು ತೀರ್ಮಾನವಾಗಿತ್ತು.

ಅಲ್ಲಿ ನಡೆದ ಮಾತನ್ನು ಮಿಲೇನಾ, ಅಸ್ಸುಂತಾ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಒಂದಕ್ಷರ ವ್ಯತ್ಯಾಸವಿಲ್ಲ.

"ಬಡವರು ಅದೀವಿ, ಖರೆ," ಎಂದಳು ಅಸ್ಸುಂತಾ, ಮುಖ ತಿರುಗಿಸಿ. "ಭಿಕ್ಷಾ ಬೇಡಾಕ ಬಂದಿಲ್ರಿ. ಬ್ಯಾಡಾದ ಮನ್ಯಾಗ ನಾ ಮಲಗಾಂಗಿಲ್ಲ."

"ಬೇಡದವರಾ? ಹುಡುಗಿ, ನೀನು ಬೇಡದವಳಾಗಿದ್ರೆ ಅವರು ನಿನಗೆ 'ಸುಸ್ವಾಗತ' ಅಂತಿದ್ರು. ನಗ್ತಿದ್ರು. ಕುರ್ಚಿ ಕೊಡ್ತಿದ್ರು. ಜೆನೋವಾದಲ್ಲಿ ನಿನ್ನ ನೋಡಿ ಯಾರಾದ್ರೂ ನಕ್ಕರೆ ಪರ್ಸು ಗಟ್ಟಿಯಾಗಿ ಹಿಡ್ಕೋ."

"ನಮ್ಮ ಕಡೆ ಒಬ್ಬರ ಮನಿಗೆ ಬಂದವರಿಗೆ ಹಿಂಗ ಅಂದ್ರ ಚಾಕು ತಗೀತಾರ್ರಿ."

"ಇಲ್ಲಿ ಊಟಕ್ಕೆ ಕರೀತಾರೆ. ಅವರು ಊಟದ ಮಾತಾಡ್ಲಿಲ್ವಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕ್ಲೇಲಿಯಾ ಆಡಿದ್ದರು.

"ರಾತ್ರಿ ಸೂಪು ಮಾಡಿ ಕಾದಿದ್ದಾರೆ. ನೀವು ಬರ್ಲಿಲ್ಲ ಅಂತ ತಾನೂ ತಿಂದಿಲ್ಲ, ಧ್ವನಿ ಕೇಳಿದ್ರೇ ಗೊತ್ತಾಯ್ತು. ತಪ್ಪು ನಿಮ್ಮದಲ್ಲ, ಅವರದ್ದಲ್ಲ, ನಂದು. ಈಗ ನಡಿ. ಆದ್ರೆ ಒಂದು ಮಾತು. ಮೇಲೆ ಹೋಗಿ 'ತಪ್ಪಾಯ್ತು', 'ಕ್ಷಮಿಸಿ' ಅಂದೆಯೋ, ಕೆಟ್ಟೆ. ನೀನೂ ಗೊಣಗ್ಬೇಕು."

"ನಾನಾ? ನನಗ ಅದೆಲ್ಲಾ ಬರಂಗಿಲ್ರಿ!"

"ಬರತ್ತೆ. ಹೊಟ್ಟೇಲಿ ಇದ್ದೋರಿಗೆ ಬಾಯಲ್ಲಿ ಬರತ್ತೆ."

ಹೀಗೆ ಮೂವರೂ ಹಿಂತಿರುಗಿದರು. ಪೆಟ್ಟಿಗೆಯ ಒಂದು ಕಡೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಹಾಗಾಗಿ ಐದನೇ ಮಹಡಿಯ ಆ ಬಾಗಿಲಲ್ಲಿ ನಡೆದದ್ದನ್ನು ನಾನೇ ಕಣ್ಣಾರೆ ಕಂಡೆ.

ಕ್ಲೇಲಿಯಾ ಬಾಗಿಲು ತೆಗೆದರು. ತಲೆ ಬಾಚಿ, ಹೊರಗೆ ಹೋಗುವ ಕೋಟು ಹಾಕಿಕೊಂಡಿದ್ದರು. "ಬನ್ನಿ ಸಿನ್ಯೋರಾ," ಎಂದರು, ನಗುತ್ತ. "ನಿಮ್ಮನ್ನು ನೋಡಿ ತುಂಬಾ ಸಂತೋಷವಾಯಿತು. ನನ್ನಿಂದ ಏನಾದರೂ ಆಗಬೇಕಿತ್ತೆ?"

ಮಿಲೇನಾ ನನ್ನ ತೋಳು ಹಿಡಿದುಕೊಂಡರು. ಕೆಲಸ ಕೆಟ್ಟಿತ್ತು. ಇಷ್ಟು ಮರ್ಯಾದೆ ಈ ಮನೆಯಲ್ಲಿ ಸಿಕ್ಕಿದ್ದು ತೆರಿಗೆ ಇಲಾಖೆಯವನೊಬ್ಬನಿಗೆ ಮಾತ್ರ.

ಅಸ್ಸುಂತಾ ಏದುಸಿರು ಬಿಡುತ್ತ ನಿಂತಿದ್ದಳು. "ಮೆಟ್ಟಲಾ..." ಎಂದಳು, ಇರುವೆಗೆ ಕೇಳುವ ಧ್ವನಿಯಲ್ಲಿ. "ಭಾಳ ಅದಾವ್ರಿ."

"ಹೌದೇ?" ಎಂದರು ಕ್ಲೇಲಿಯಾ, ಇನ್ನೂ ನಗುತ್ತಲೇ.

ಅಸ್ಸುಂತಾ ಒಮ್ಮೆ ಮಿಲೇನಾ ಕಡೆ ನೋಡಿದಳು. ಉಸಿರು ಎಳೆದುಕೊಂಡಳು.

"ಭಾಳ ಅಂದ್ರ ಭಾಳ! ಇದೇನ್ ಮನಿ ಐತೋ ಚರ್ಚಿನ ಗಂಟಿ ಗೋಪುರ ಐತೋ! ಮೊಣಕಾಲು ಹೋತು ನಂದು! ಮತ್ತ ಆ ದಿಂಬ, ಒತ್ತಿ ನೋಡೀನಿ, ದಿಂಬ ಅಂತಾರೇನ್ರಿ ಅದಕ್ಕ? ಕಲ್ಲು! ಕಿಟಕಿ ತಗದ್ರ ಎದುರಿನ ಮನ್ಯವ್ರ ಒಗ್ಗರಣಿ ವಾಸ್ನಿ! ಈ ಊರಾಗ ಒಂದಕ್ಕರ ಖಾರ ಐತೇನ್ರಿ, ಒಬ್ರರ ಸಾವಕಾಶ ಮಾತಾಡ್ತಾರೇನ್ರಿ? ಆ ಡಾಕ್ಟರ್ ಏನ್ ಹೇಳ್ತಾನೋ ಅರ್ಧಾ ತಿಳಿಯಂಗಿಲ್ಲ, ಮತ್ತ ಕೇಳಾಕ ನಾಚಿಕಿ. ನನ್ನ ಕೂಸು ಗಾಜಿನ ಆಚೀಕಡೆ ಮಲಗೇತಿ, ಕೂದಲಾ ಎಲ್ಲಾ ಉದುರ್ಯಾವು, ಅವ್ವಾ ಬಾ ಅಂತೈತಿ, ನಾ ಮುಟ್ಟಾಂಗಿಲ್ಲ! ಹೆತ್ತಾಕಿ ಮುಟ್ಟಾಂಗಿಲ್ಲ! ಇದ್ಯಾವ ನ್ಯಾಯಾರೀ ಇದು?"

ಅಷ್ಟು ಹೊತ್ತಿಗೆ ಅವಳು ಗೋಡೆಗೆ ಒರಗಿ ಬಿಕ್ಕುತ್ತಿದ್ದಳು. ಬಂದ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಐದನೇ ಮಹಡಿಯ ಬಾಗಿಲಲ್ಲಿ ಬಿದ್ದಿತ್ತು. ನಿಕೊಡೆಮೊ ಪೆಟ್ಟಿಗೆಯ ಮೇಲೆ ಕೂತು ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

ಕ್ಲೇಲಿಯಾ ಮುಖದ ನಗು ಹೋಗಿತ್ತು. ಅಬ್ಬಾ! ಹುಬ್ಬು ಗಂಟಿಕ್ಕಿತು, ತುಟಿ ಕೆಳಗಿಳಿಯಿತು, ನಮ್ಮ ಹಳೇ ಕ್ಲೇಲಿಯಾ ವಾಪಸು ಬಂದರು. ಕೋಟು ಬಿಚ್ಚಿ ಮೊಳೆಗೆ ಹಾಕಿದರು.

"ಕಲ್ಲಂತೆ ಕಲ್ಲು! ನನ್ನ ಗಂಡನ ದಿಂಬು ಅದು. ಇದ್ದಷ್ಟು ದಿನ ಅವನೂ ಅದೇ ಅಂತಿದ್ದ. ಒಳಗೆ ಬಾ, ಬಾಗಿಲು ತೆಗೆದು ನಿಂತ್ರೆ ಗಾಳಿ ಬರತ್ತೆ. ಸೂಪು ಇನ್ನೊಂದು ಸಲ ಬಿಸಿ ಮಾಡ್ಬೇಕು, ಗ್ಯಾಸಿಗೆ ನಿಮ್ಮಪ್ಪ ದುಡ್ಡು ಕೊಡ್ತಾನಾ? ಬಾ ಮಗಳೇ, ಬಾ."

ಹಾಗೆಂದು ಅವಳ ತೋಳು ಹಿಡಿದು ಒಳಗೆಳೆದುಕೊಂಡರು. ಮಿಲೇನಾ ಮೆಟ್ಟಿಲ ಮೇಲೆ ಕುಸಿದು ಕೂತು ಏಪ್ರನ್ನಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ನನ್ನ ಗಾಡಿ ಎಲ್ಲಿ? ಗೋಡೆಗೆ ಉಜ್ಜಿದ್ಯಂತೆ?" ಎಂದರು.

ಅಸ್ಸುಂತಾ ಆ ಮನೆಯಲ್ಲಿ ಹತ್ತು ವಾರ ಇದ್ದಳು. ಕ್ಲೇಲಿಯಾ ಅಡುಗೆಮನೆಯಲ್ಲಿ ಕೆಂಪು ಮೆಣಸಿನಕಾಯಿಯ ಸರ ಜೋತಾಡಿತು. ಅದರ ಘಾಟಿಗೆ ಕ್ಲೇಲಿಯಾ ದಿನವಿಡೀ ಗೊಣಗಿದರು, ದಿನವಿಡೀ ತಿಂದರು. ಡಾಕ್ಟರ ಮಾತು ಅರ್ಥವಾಗದಿದ್ದರೆ ಮತ್ತೆ ಮತ್ತೆ ಕೇಳುವುದನ್ನೂ, ಅವರು ಮುಖ ಗಂಟಿಕ್ಕಿದರೆ ತಾನೂ ಗಂಟಿಕ್ಕುವುದನ್ನೂ ಅಸ್ಸುಂತಾ ಆ ಮನೆಯಲ್ಲೇ ಕಲಿತಳು. ಬಟ್ಟೆಗಂಟು ದಿನಾ ಇಳಿಯುತ್ತಿತ್ತು. ಅವಳ ಚಾದರದಲ್ಲಿ ಮೊದಮೊದಲು ಒಂದೇ ಕಡೆ ಗೆರೆ ಬೀಳುತ್ತಿತ್ತಂತೆ. ಮಿಲೇನಾ ಅದನ್ನು ನೋಡಿ ಯಂತ್ರಕ್ಕೆ ಹಾಕುತ್ತಿದ್ದರು. ಈಗ ಅವರು ಹೊರಗಿನವರನ್ನು ಯಾವ ಮನೆಗೆ ಕಳಿಸುವಾಗಲೂ ವಿಳಾಸದ ಜೊತೆ ಒಂದು ಮಾತು ಸೇರಿಸುತ್ತಾರೆ: "ಬೈದ್ರೆ ಪೆಟ್ಟಿಗೆ ಬಿಚ್ಚು. ನಕ್ಕರೆ ಓಡಿ ಬಾ."

ಹೋದ ವಾರ ತೆರೆಸಿನಾಳನ್ನು ಆಸ್ಪತ್ರೆಯಿಂದ ಬಿಟ್ಟರು. ಊರಿಗೆ ರೈಲು ಮರುದಿನ. ಒಂದು ರಾತ್ರಿ ಮಗು ಕ್ಲೇಲಿಯಾ ಮನೆಯಲ್ಲಿ ತಾಯಿಯ ಮಗ್ಗುಲಲ್ಲಿ ಮಲಗಿತು. ಕರೆದೊಯ್ಯಲು ಊರಿಂದ ಬಂದಿದ್ದ ನಿಕೊಡೆಮೊ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತಿದ.

ಮರುದಿನ ಮಿಲೇನಾ ಎಂದಿಗಿಂತ ಬೇಗ ಬಂದರು. ಗಾಡಿ ಕಿರ್ರೆಂದಿತು. ಕಿಟಕಿ ತೆರೆಯಿತು. ಗಂಟು ಇಳಿಯಿತು. ನಿಮ್ಮ ಆಸೆ ಏನು ಎಂದು ನಾನು ಎಷ್ಟೋ ದಿನದಿಂದ ಅವರನ್ನು ಕೇಳುತ್ತಿದ್ದೆ. ಬರಹದ ಕೊನೆಗೆ ಬೇಕಿತ್ತು. "ಆಸೆನೂ ಇಲ್ಲ ಮಣ್ಣೂ ಇಲ್ಲ" ಎಂದು ತಳ್ಳಿಹಾಕುತ್ತಿದ್ದರು. ಅವತ್ತೂ ಕೇಳಿದೆ. ಅವರು ಗಂಟಿನ ಕುಣಿಕೆ ಬಿಚ್ಚಿದರು.

ಚಾದರ ಹಗ್ಗದ ಹಾಗೆ ತಿರುಚಿಕೊಂಡಿತ್ತು. ನಾಲ್ಕೂ ಮೂಲೆ ಕಿತ್ತುಬಂದಿದ್ದವು. ಬ್ರೆಡ್ಡಿನ ಚೂರು, ಒಂದು ಕಡೆ ಅಂಗೈಯಗಲ ಜಾಮಿನ ಕಲೆ, ಅದರಲ್ಲಿ ಐದು ಪುಟ್ಟ ಬೆರಳು.

"ಆ ಕಲೆ ಹೋಗ್ಲಿಲ್ಲ ಅಂದ್ರೆ ಒಗೆದ ದುಡ್ಡು ಕೊಡಲ್ಲ!" ಮೇಲಿನಿಂದ ಕ್ಲೇಲಿಯಾ. ಅವರ ಹಿಂದಿನಿಂದ ಇನ್ನೊಂದು ಧ್ವನಿ, ಸಣ್ಣದು, ಸಿಡುಕಿನದು: "ಅಜ್ಜೀ, ಹಾಲು ಸುಡಾಕತ್ತೇತಿ! ಯಾರ್ ಕುಡೀಬೇಕು ಇದನ್ನ?"

ಮಿಲೇನಾ ತಲೆಯೆತ್ತಿ ಕಿಟಕಿಯನ್ನೇ ನೋಡಿದರು. ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಬಿಡಲಿಲ್ಲ. "ಇದನ್ನ ಎಷ್ಟು ಉಜ್ಜಬೇಕು ಗೊತ್ತಾ? ಮಧ್ಯಾಹ್ನದ ತನಕ ಉಜ್ಜಬೇಕು! ರಾತ್ರಿಯೆಲ್ಲ ಕತ್ತೆ ಹಾಗೆ ಒದ್ಕೊಂಡು ಮಲಗಿದೆ, ನೋಡು, ಒಂದು ಸಲ ಕೂಡ ಎದ್ದಿಲ್ಲ!"

ಆಮೇಲೆ ಆ ಮುದ್ದೆ ಚಾದರವನ್ನು ಉಳಿದ ಬಟ್ಟೆಯ ಜೊತೆ ಹಾಕದೆ ಬಗಲಲ್ಲಿ ಇಟ್ಟುಕೊಂಡು, ಒಂದೇ ಕೈಯಲ್ಲಿ ಗಾಡಿ ತಳ್ಳುತ್ತ ಮುಂದೆ ಹೊರಟರು. ತಿರುವಿನಲ್ಲಿ ನಿಂತು ನನ್ನತ್ತ ನೋಡಿದರು.

"ಬರ್ಕೋ ಬೇಕಾದ್ರೆ," ಎಂದರು. "ಈ ರೂಮು ನಾನು ಹುಡುಕಿಕೊಟ್ಟಿದ್ದು."